ಅಣ್ಣ ತಂಗಿ ಕೂಡಿಸಿದ ಗೇರ್ ಬಾಕ್ಸ್

ಶಾಲೆಯ ಮೈದಾನದ ಹುಲ್ಲು ಕತ್ತರಿಸುವ ಕೆಲಸ ಅವನಿಗೆ ಅಪ್ಪನಿಂದ ಬಂದದ್ದು. ಮೈದಾನದ ಹಿಂದಿನ ಎರಡು ಕೋಣೆಯ ಮನೆಯಲ್ಲೇ ಹುಟ್ಟಿ, ಇಪ್ಪತ್ತೆರಡಕ್ಕೆ ಕೆಲಸಕ್ಕೆ ಸೇರಿ, ಈಗ ಐವತ್ತೇಳು ತುಂಬಿತ್ತು. ಮಕ್ಕಳು, ಮೇಷ್ಟ್ರು ಎಲ್ಲರಿಗೂ ಅವನು ಹುಲ್ಲಣ್ಣ. ಎಡ ಮಂಡಿ ಸವೆದ ಮೇಲೆ ಶಾಲೆಯವರು ತಾನಾಗಿಯೇ ಮುಂದಕ್ಕೆ ಸಾಗುವ ಯಂತ್ರವೊಂದನ್ನು ಕೊಡಿಸಿದ್ದರು. ಹಿಡಿಯ ಲಿವರ್ ಒತ್ತಿದರೆ ಸಾಕು, ಅದು ಮುಂದೆ, ಅವನು ಹಿಂದೆ. ಒಂಬತ್ತು ವರ್ಷ ಹಾಗೇ ನಡೆಯಿತು.

ಆ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಯಂತ್ರ ಮೊಂಡು ಹಿಡಿಯಿತು. ಎಂಜಿನ್ ಗುಡುಗುತ್ತಿತ್ತು, ಬ್ಲೇಡು ತಿರುಗುತ್ತಿತ್ತು, ಚಕ್ರ ಮಾತ್ರ ಜಪ್ಪಯ್ಯ ಅಂದರೂ ಕದಲದು. ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ‘ಪಾಪ, ವಯಸ್ಸಾಯ್ತು’ ಎಂದು ಗೇಟಿನ ಬಳಿ ಕುರ್ಚಿ ಹಾಕಿ ಕೂರಿಸುತ್ತಾರೆಂಬ ಭಯ. ಹತ್ತು ದಿನ ಹಲ್ಲು ಕಚ್ಚಿಕೊಂಡು ತಳ್ಳಿದ.

ಭಾನುವಾರ ತಂಗಿ ನೋಡಲು ಬಂದಳು. ಅವಳದ್ದು ಬಸ್ ನಿಲ್ದಾಣದ ಪಕ್ಕ ಹೊಲಿಗೆ ಯಂತ್ರ ರಿಪೇರಿಯ ಅಂಗಡಿ. ನೀರಿನ ಲೋಟ ಕೊಡುವಾಗ ಅವನ ಅಂಗೈಯ ಬೊಬ್ಬೆಗಳು ಅವಳ ಕಣ್ಣಿಗೆ ಬಿದ್ದವು.

“ಏನಣ್ಣ ಇದು?”

“ಏನಿಲ್ಲ ಬಿಡು ಪುಟ್ಟಿ. ಯಂತ್ರ ನಡೀತಿಲ್ಲ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದೂ ಆಯ್ತು.”

“ಎಂಜಿನ್ ಓಡ್ತಿದೆ ತಾನೆ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ಯಲ್ಲೋ! ನಡಿ, ನೋಡೋಣ.”

ಶೆಡ್ಡಿನಲ್ಲಿ ಹಿಂದಿನ ಮುಚ್ಚಳ ತೆಗೆದು ನೋಡಿದಳು. ಬೆಲ್ಟ್ ಗಟ್ಟಿಯಾಗಿಯೇ ಇತ್ತು.

“ಒಳಗಿನ ಹಲ್ಲು ಸವೆದುಹೋಗಿದೆ. ಗೇರ್ ಬಾಕ್ಸೇ ಬದಲಾಯಿಸ್ಬೇಕು” ಎಂದಳು.

ಮುಂದಿನ ಭಾನುವಾರ ಬೆಳಿಗ್ಗೆ, ಊರೆಲ್ಲ ಹುಡುಕಿ ತಂದ ಹೊಸ ಗೇರ್ ಬಾಕ್ಸ್ ಚೀಲದಲ್ಲಿಟ್ಟುಕೊಂಡು ಬಂದಳು. ಮೊದಲು ಸ್ಪಾರ್ಕ್ ಪ್ಲಗ್ಗಿನ ವಯರ್ ಕಿತ್ತರು, ಆಮೇಲೆ ಹಿಂದಿನ ಚಕ್ರಗಳನ್ನು ಬಿಚ್ಚಿದರು. ಒಂದೊಂದು ಚಕ್ರದ ಹಿಂದೆಯೂ ಒಂದು ಪುಟ್ಟ ಹಲ್ಲುಚಕ್ರ.

“ಎಡದ್ದು ಬಲದ್ದು ಗುರುತು ಹಾಕಿಡಣ್ಣ.”

“ಎರಡೂ ಒಂದೇ ತರ ಇವೆ, ಬಿಡು.”

ಬೆಲ್ಟ್ ಜಾರಿಸಿ, ಕೇಬಲ್ ಕಳಚಿ, ಹಳೆಯದನ್ನು ಹೊರಗೆಳೆಯುವಾಗ ಇಬ್ಬರ ತಲೆಯೂ ತಾಗಿತು. ಒಣ ಹುಲ್ಲು, ಹಳೆ ಎಣ್ಣೆಯ ವಾಸನೆ. ಅಪ್ಪನ ಕಾಲದ ಕಬ್ಬಿಣದ ಯಂತ್ರಕ್ಕೆ ಎಂಜಿನ್ನೇ ಇರಲಿಲ್ಲ. ರಜೆಯ ಬೆಳಗುಗಳಲ್ಲಿ ಅಣ್ಣ ಹಿಂದಿನಿಂದ ತಳ್ಳಬೇಕು, ಎಂಟು ವರ್ಷದ ತಂಗಿ ಮುಂದೆ ಹಗ್ಗ ಹಿಡಿದು ಎಳೆಯಬೇಕು. ಅಪ್ಪ ಮರದ ನೆರಳಿನಿಂದ “ಸೊಟ್ಟ! ಸೊಟ್ಟ!” ಎಂದು ಕೂಗುತ್ತಿದ್ದರು. ಮುಗಿದ ಮೇಲೆ ಇಬ್ಬರೂ ನಲ್ಲಿಗೆ ಬಾಯಿ ಹಚ್ಚಿ ಹೊಟ್ಟೆ ತುಂಬ ನೀರು ಕುಡಿಯುತ್ತಿದ್ದರು.

“ಆಗ ನಾನೇ ಅಲ್ವೇನೋ ನಿನ್ನ ಗೇರ್ ಬಾಕ್ಸು?” ಎಂದಳು ತಂಗಿ. ಅವನು ಕೆಮ್ಮು ಬರುವಷ್ಟು ನಕ್ಕ.

ಹೊಸದು ಕೂತಿತು. ವಯರ್ ಸಿಕ್ಕಿಸಿ, ಎಂಜಿನ್ನಿನ ಹಗ್ಗ ಎಳೆದು ಲಿವರ್ ಒತ್ತಿದರೆ ಚಕ್ರ ಅಲುಗಲಿಲ್ಲ. ಅವನ ಮುಖ ಬಾಡಿತು. ತಂಗಿ ಎಂಜಿನ್ ಆರಿಸಿ, ವಯರ್ ಕಿತ್ತು, ಒಂದು ಚಕ್ರ ಬಿಚ್ಚಿ ಹಲ್ಲುಚಕ್ರವನ್ನು ಬೆರಳಲ್ಲಿ ತಿರುಗಿಸಿದಳು.

“ಇದು ಒಂದೇ ದಿಕ್ಕಿಗೆ ಕಚ್ಚೋದು. ಎಡದ್ದನ್ನ ಬಲಕ್ಕೆ ಹಾಕಿದ್ದೀಯ.”

“ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಅಮ್ಮ ಸುಮ್ನೆ ಹೇಳ್ತಿರ್ಲಿಲ್ಲ” ಎಂದು ಅವನೇ ಒಪ್ಪಿಕೊಂಡ.

ಅದಲುಬದಲು ಮಾಡಿದ ಮೇಲೆ ಯಂತ್ರ ಶೆಡ್ಡಿನಿಂದ ತಾನೇ ಹೊರನಡೆಯಿತು. ಮೈದಾನದ ಅಂಚಿನಲ್ಲಿ ತಂಗಿ ಕೈ ಒರೆಸಿಕೊಳ್ಳುತ್ತ ಹಿಡಿಯನ್ನೇ ನೋಡುತ್ತಿದ್ದಳು.

“ಅಪ್ಪ ಒಂದು ದಿನಾನೂ ನನ್ನ ಕೈಗೆ ಹಿಡಿ ಕೊಡ್ಲಿಲ್ಲ ಕಣೋ. ನಿನಗೆ ಹಗ್ಗ ಸಾಕು ಅಂತಿದ್ರು.”

ಇಷ್ಟು ವರ್ಷ ಅವನಿಗೆ ಇದು ಹೊಳೆದೇ ಇರಲಿಲ್ಲ. ಪಕ್ಕಕ್ಕೆ ಸರಿದು ನಿಂತ. “ತಗೋ. ಲಿವರ್ ಮೆತ್ತಗೆ ಒತ್ತು.”

ಅವಳು ಸೆರಗು ಸಿಕ್ಕಿಸಿಕೊಂಡು ನಡೆದಳು. ಗೋಲ್ ಕಂಬದ ಹತ್ತಿರ ಕತ್ತರಿಸಿದ ಹುಲ್ಲಿನ ಗೆರೆ ಹಾವಿನ ಹಾಗೆ ಬಳುಕಿತು. ಅವನು ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತ, ಅಪ್ಪನ ಹಾಗೆ ಕೂಗದೆ ತುಟಿ ಬಿಗಿಹಿಡಿದಿದ್ದ. ಕಣ್ಣು ಮಂಜಾಗಿತ್ತು.

ಸೋಮವಾರ ಡ್ರಿಲ್ ಮಾಸ್ತರು ಕೇಳಿದರು, “ಏನು ಹುಲ್ಲಣ್ಣ, ಗೆರೆ ಸೊಟ್ಟ?”

“ನನ್ನ ತಂಗಿ ಹೊಡೆದದ್ದು. ಹಾಗೇ ಇರ್ಲಿ ಬಿಡಿ ಸಾರ್.”

ಇನ್ನೂ ಮೂರು ವರ್ಷ, ನಿವೃತ್ತಿಯ ದಿನದವರೆಗೂ, ಅವನು ಅದೇ ಯಂತ್ರದ ಹಿಂದೆ ನಡೆದ. ತಿಂಗಳಿಗೊಂದು ಭಾನುವಾರ ಮಾತ್ರ ತಂಗಿಯದ್ದು.