ಹದಿಮೂರರ ಮಗ್ಗಿಯಷ್ಟು ಹೊತ್ತು

ನಾವು ಸಣ್ಣವರಿದ್ದಾಗ ಸಿರುಗುಪ್ಪದ ನಮ್ಮ ಓಣಿಯಲ್ಲಿ ತಲೆ ತಿರುಗುವುದು ರೋಗವಾಗಿರಲಿಲ್ಲ, ಆಟವಾಗಿತ್ತು. ಸಂಜೆ ಅಕ್ಕಿ ಗಿರಣಿಯಿಂದ ಭತ್ತ ಬೇಯಿಸುವ ವಾಸನೆ ಓಣಿ ತುಂಬುವ ಹೊತ್ತಿಗೆ ಹುಡುಗಿಯರೆಲ್ಲ ಜೋಡಿಜೋಡಿಯಾಗಿ ಕೈ ಅಡ್ಡಡ್ಡ ಹಿಡಿದು, ಪಾದ ಜೋಡಿಸಿ, ಹಿಂದಕ್ಕೆ ವಾಲಿ ಫುಗಡಿ ಆಡುತ್ತಿದ್ದೆವು. ಗರಗರ ತಿರುಗಿ ಕೈ ಬಿಟ್ಟರೆ ಮನೆಗಳು, ಬೇವಿನ ಮರ, ಗೂಟಕ್ಕೆ ಕಟ್ಟಿದ ಎಮ್ಮೆ ಎಲ್ಲವೂ ನಮ್ಮ ಸುತ್ತ ಮೆರವಣಿಗೆ ಹೊರಡುತ್ತಿದ್ದವು. ಜಗತ್ತನ್ನು ಅಷ್ಟು ಸುಲಭವಾಗಿ ಅಲ್ಲಾಡಿಸುವ ಅಧಿಕಾರ ಆಮೇಲೆ ನನಗೆ ಯಾವ ಹುದ್ದೆಯಲ್ಲೂ ಸಿಗಲಿಲ್ಲ.

ಅದೇ ತಲೆತಿರುಗು ದೊಡ್ಡವರಿಗೆ ಬಂದರೆ ಒಂದು ಮನೆ ಹೇಗೆ ಅಲ್ಲೋಲಕಲ್ಲೋಲವಾಗುತ್ತದೆ ಎಂಬುದನ್ನು ನಾನು ನಾಲ್ಕನೇ ಕ್ಲಾಸಿನ ಬೇಸಿಗೆಯಲ್ಲಿ ಕಲಿತೆ. ಅಪ್ಪ ಅಮ್ಮ ಬಳ್ಳಾರಿಯಲ್ಲಿದ್ದರು. ತಮ್ಮ ಹುಟ್ಟಿದ ಮೇಲೆ ಅಲ್ಲಿಯ ಒಂದೂವರೆ ಕೋಣೆಯಲ್ಲಿ ನನಗೆ ಜಾಗ ಸಾಲದೆ, ನನ್ನನ್ನು ಸಿರುಗುಪ್ಪದಲ್ಲಿ ಅಜ್ಜಿ ಮತ್ತು ಸರೋಜತ್ತೆಯ ಸುಪರ್ದಿಗೆ ಒಪ್ಪಿಸಿದ್ದರು. ಸರೋಜತ್ತೆ ಎಂದರೆ ಅಪ್ಪನ ಅಕ್ಕ. ಸಿರಿಗೇರಿ ರಸ್ತೆಯ ಒಂದು ಹಳ್ಳಿಯಲ್ಲಿ ಟೀಚರು. ಮದುವೆಯ ಮಾತು ಬಂದಾಗಲೆಲ್ಲ ನೋಟ್‌ಬುಕ್ಕು ತಿದ್ದುವ ಕೆಲಸ ಹಚ್ಚಿಕೊಂಡು ಕೂತು, ಕೊನೆಗೆ ಗಂಡಿನ ಬದಲು ಒಂದು ಮೊಪೆಡ್ ತಂದುಕೊಂಡವಳು. ನಮ್ಮ ಓಣಿಯಲ್ಲಿ ಗಾಡಿ ಹೊಡೆದ ಮೊದಲ ಹೆಂಗಸು ಅವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೋಳಿಗಳಿಗೂ ತಪ್ಪದೆ ಹಾರ್ನು ಹೊಡೆದು, ನನ್ನನ್ನು ಮುಂದೆ ನಿಲ್ಲಿಸಿಕೊಂಡು ದಿನಾ ಆ ಶಾಲೆಗೆ ಹೊರಡುತ್ತಿದ್ದಳು, ನಾನು ಓದುತ್ತಿದ್ದದ್ದೂ ಅಲ್ಲೇ.

ಶಿವರಾತ್ರಿ ಕಳೆದು ನಾಲ್ಕು ದಿನವಾಗಿತ್ತು. ಬಳ್ಳಾರಿ ಸೀಮೆಯ ಸೆಕೆಗೆ ಹೆದರಿ ಎಲ್ಲರೂ ಮಾಳಿಗೆ ಮೇಲೆ ಮಲಗುವ ಕಾಲ. ಬೆಳಗ್ಗೆ ಎದ್ದ ಅತ್ತೆ ಹಾಗೇ ಕೂತು ಹಾಸಿಗೆಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು. ಮಾಳಿಗೆಯೆಲ್ಲ ತಿರುಗುತ್ತಿದೆ ಎಂದಳು. ಸ್ವಲ್ಪ ಹೊತ್ತಿಗೆ ಸರಿಹೋಯಿತು. ಮರುದಿನ ಮತ್ತೆ ಬಂತು.

ನಮ್ಮ ಮನೆಯಲ್ಲಿ ರೋಗಕ್ಕೆ ಕೊರತೆಯಿದ್ದಿರಬಹುದು, ರೋಗದ ಕಾರಣಕ್ಕೆ ಎಂದೂ ಕೊರತೆ ಇರಲಿಲ್ಲ. ಅಜ್ಜಿ ದೃಷ್ಟಿ ಎಂದಳು. ಹೆಣ್ಣು ಗಾಡಿ ಹೊಡೆದರೆ ಊರ ಕಣ್ಣು ಬೀಳದೆ ಇದ್ದೀತೆ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅದರ ಘಾಟಿಗೆ ಕೆಮ್ಮಿದವರು ನಾವು, ದೃಷ್ಟಿ ಅಲ್ಲೇ ಇತ್ತು. ಪಕ್ಕದ ಮನೆಯವರು ಬಿಪಿ ಎಂದರು, ಎದುರು ಮನೆಯವರು ಗ್ಯಾಸು ಎಂದರು. ಊರಿನ ಡಾಕ್ಟರು ಬಿಪಿ ನೋಡಿ, ಸರಿಯಾಗಿದೆ ಎಂದು ಹೇಳಿ ಗುಳಿಗೆ ಕೊಟ್ಟರು. ಅದನ್ನು ನುಂಗಿದ ಅತ್ತೆ ಕ್ಲಾಸಿನಲ್ಲಿ ಕುರ್ಚಿಯ ಮೇಲೇ ತೂಕಡಿಸಿದಳು. ಈ ಚಿಕಿತ್ಸೆಯ ಬಗ್ಗೆ ವಿದ್ಯಾರ್ಥಿಗಳಿಂದ ಯಾವ ದೂರೂ ಬರಲಿಲ್ಲ.

ಆಮೇಲೆ ಕುರುಗೋಡಿನಿಂದ ಅಜ್ಜಿಯ ತಮ್ಮ ಈರಣ್ಣಜ್ಜ ಬಂದರು. ಅವರದು ಕಿರಾಣಿ ಅಂಗಡಿ. ಆದರೆ ವೈದ್ಯವೇ ತಮ್ಮ ಹುಟ್ಟುಗುಣ, ಅಂಗಡಿ ಬರೀ ಹೊಟ್ಟೆಪಾಡು ಎಂದು ತಿಳಿದಿದ್ದರು. ಅವರ ಶಾಸ್ತ್ರದಲ್ಲಿ ಇರುವುದು ಒಂದೇ ಕಾಯಿಲೆ. ಬಸ್ಸಿನಿಂದ ಇಳಿಯುವ ಮೊದಲೇ ಅದನ್ನು ತೀರ್ಮಾನಿಸಿಕೊಂಡು ಬಂದಿದ್ದರು. ನಾಲಿಗೆ ಚಾಚಿಸಿ ನೋಡಿದ್ದು ಬರೀ ಮರ್ಯಾದೆಗೆ.

"ಪಿತ್ತ ನೆತ್ತಿಗೇರೈತಿ. ಶೇಂಗಾ, ಬದನಿಕಾಯಿ, ಎಣ್ಯಾಗ ಕರದದ್ದು ಬಂದ್. ಮನಿಮಂದಿಗೆಲ್ಲ ಬಂದ್. ಒಬ್ಬಾಕಿಗಿ ಬಂದ್ ಮಾಡಿದ್ರ ಆಕಿ ಬಾಯಿ ಚಪ್ಪರಸ್ತಾಳ."

ಶೇಂಗಾ ಚಟ್ನಿಯೂ ಮಿರ್ಚಿ ಭಜಿಯೂ ಇಲ್ಲದ ಮನೆ ನಮ್ಮ ಕಡೆ ಜಪ್ತಿಯಾದ ಮನೆಗೆ ಸಮಾನ. ಬರೀ ಮಜ್ಜಿಗೆ, ಜೀರಿಗೆ ಕಷಾಯದಲ್ಲಿ ನಾವು ದಿನ ನೂಕತೊಡಗಿದೆವು. ಈ ಬರಗಾಲವನ್ನೇ ಅಜ್ಜಿ ಬಳಸಿಕೊಂಡಳು. ನನ್ನನ್ನು ಅಡಿಗೆಮನೆಗೆ ಕರೆದು ಗುಪ್ತಚರಳಾಗಿ ನೇಮಿಸಿದಳು. ಅತ್ತೆಗೆ ಶಾಲೆಯಲ್ಲೋ ದಾರಿಯಲ್ಲೋ ತಲೆ ತಿರುಗಿದರೆ ಬಂದು ಹೇಳಬೇಕು, ಹೇಳಿದರೆ ಅಂಗಡಿಯಿಂದ ಒಂದು ಮಿರ್ಚಿ. ಅಜ್ಜಿಯ ಹೆದರಿಕೆಗೆ ಕಾರಣವಿತ್ತು. ಶಾಲೆಯ ದಾರಿಯಲ್ಲಿ ಒಂದು ಕಾಲುವೆ, ಅದರ ಸೇತುವೆಗೆ ಎರಡೂ ಕಡೆ ತಡೆಗೋಡೆ ಇರಲಿಲ್ಲ. ಅಲ್ಲಿ ತಲೆ ತಿರುಗಿದರೆ ಏನಾದೀತು ಎಂಬುದನ್ನು ಅಜ್ಜಿ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅತ್ತೆ ಗಾಡಿ ಹತ್ತಿದ ಮೇಲೆ ಅದು ಮರೆಯಾಗುವವರೆಗೂ ಮನೆ ಮುಂದಿನ ಕಟ್ಟೆಯ ಮೇಲಿನಿಂದ ಏಳುತ್ತಿರಲಿಲ್ಲ, ಅಷ್ಟೆ.

ಎರಡು ದಿನ ವರದಿ ಏನೂ ಇರಲಿಲ್ಲ. ಮೂರನೆಯ ದಿನ ಅತ್ತೆ ಕರಿಹಲಗೆಯ ಮೇಲ್ತುದಿಯಲ್ಲಿ ತಾರೀಖು ಬರೆಯಲು ಕತ್ತು ಎತ್ತಿದಳು. ಬರೆಯುತ್ತಿದ್ದ ಗೆರೆ ವಾರೆಯಾಗಿ ಹಲಗೆ ದಾಟಿ ಗೋಡೆಗೆ ಹೋಯಿತು. ಗೋಡೆ ಹಿಡಿದು, ನಮ್ಮ ಕಡೆ ತಿರುಗದೆಯೇ, ಎಲ್ಲರೂ ಹದಿಮೂರರ ಮಗ್ಗಿ ಹೇಳಿ ಎಂದಳು. ನಾವು ಗಂಟಲು ಹರಿಯುವಂತೆ ಕೂಗಿದೆವು. ಹದಿಮೂರ್ ಹತ್ಲೆ ಮುಗಿದು ಅವಳು ಈ ಕಡೆ ತಿರುಗುವಷ್ಟರಲ್ಲಿ ಮುಖಕ್ಕೆ ಬಣ್ಣ ಬಂದಿತ್ತು. ತಾರೀಖನ್ನು ಕೆಳಗೆ ಬರೆದಳು.

ಮರಳಿ ಬರುವಾಗ ಸೇತುವೆಯ ಹತ್ತಿರ ಗಾಡಿಯಿಂದಿಳಿದು, ನೂಕಿಕೊಂಡೇ ದಾಟಿದಳು. ಆಚೆ ದಂಡೆಯಲ್ಲಿ ನಿಂತು, "ನೀಲಾ, ಅವ್ವಗ ಹೇಳಬ್ಯಾಡ" ಎಂದಳು. ನಾನು ಹೂಂ ಎಂದೆ. ಆಗ ಅದು ನಿಜವಾದ ಹೂಂ ಆಗಿತ್ತು.

ಮನೆಗೆ ಬಂದರೆ ಅಜ್ಜಿ ಕಾಗದದ ಪೊಟ್ಟಣ ಬಿಚ್ಚಿ ಕೂತಿದ್ದಳು. ಕಡಲೆಹಿಟ್ಟಿನೊಳಗಿಂದ ಮೆಣಸಿನಕಾಯಿಯ ಬಿಸಿ ಘಮ ಎದ್ದಿತ್ತು, ಎಣ್ಣೆ ಕಾಗದವನ್ನು ಪಾರದರ್ಶಕ ಮಾಡಿತ್ತು. ಹದಿನೈದು ದಿನ ಮಜ್ಜಿಗೆ ಕುಡಿದವಳ ಚಾರಿತ್ರ್ಯವನ್ನು ಹೀಗೆ ಪರೀಕ್ಷಿಸಬಾರದು. ಮೂರು ತುತ್ತಿನಲ್ಲಿ ಮಿರ್ಚಿ ಮುಗಿಯಿತು, ಮೂರು ಮಾತಿನಲ್ಲಿ ವಿಷಯವೂ ಮುಗಿಯಿತು.

ಮರುದಿನ ಗಾಡಿಯ ಕೀಲಿ ದೇವರ ಜಗಲಿ ಸೇರಿತ್ತು. ಅತ್ತೆ ಕೇಳಿದಳು, ಬೇಡಿದಳು, ದೇವರಿಗೆ ಗಾಡಿ ಹೊಡೆಯಲು ಬರುವುದಿಲ್ಲ ಎಂದೂ ಹೇಳಿ ನೋಡಿದಳು. ಅಜ್ಜಿ ದನಿ ಏರಿಸಲಿಲ್ಲ.

"ಕಾಲುವಿ ದಂಡಿಗೆ ನಿಂತು ನಿನ್ನ ಹೆಸರ ಹಿಡದು ಕೂಗಾಕ ನನ್ನ ಕೈಲಿ ಆಗಂಗಿಲ್ಲ, ಸರೋಜಿ."

ಅತ್ತೆ ಕೀಲಿಯ ಕಡೆ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡಳು. ನನ್ನ ಕಡೆ ತಿರುಗಿ, "ಮಿರ್ಚಿ ಚಲೋ ಇತ್ತೇನು?" ಎಂದಷ್ಟೇ ಕೇಳಿದಳು. ಎರಡು ಏಟು ಹೊಡೆದಿದ್ದರೆ ವಾಸಿಯಿತ್ತು.

ಬೆಳಗಿನ ಶಾಲೆ, ಮೊದಲ ಬಸ್ಸು ಬರುವುದು ಗಂಟೆ ಹೊಡೆದ ಮೇಲೆ. ನಾವು ದಿನಾ ತಡವಾಗಿ ಹೋಗತೊಡಗಿದೆವು. ಟೀಚರೇ ತಡವಾಗಿ ಬಂದರೆ ಮಕ್ಕಳಿಗೆ ಏನು ಹೇಳಲಿ ಎಂದು ಹೆಡ್ ಮಾಸ್ತರರು ನಯವಾಗಿ ಕೇಳಿದರು. ಅಜ್ಜಿ ಕೆಲಸ ಬಿಡು ಎಂದಳು. ಒಂದು ಸಂಜೆ ಅತ್ತೆಯ ಮೇಜಿನ ಮೇಲೆ ಅರ್ಧ ಬರೆದ ಅರ್ಜಿ ಕಂಡೆ: ಅನಾರೋಗ್ಯದ ನಿಮಿತ್ತ ದೀರ್ಘ ರಜೆ ಕೋರಿ. ಒಂದು ಮಿರ್ಚಿ ತಿಂದದ್ದಕ್ಕೆ ಒಬ್ಬರ ನೌಕರಿ ಹೋಗಬಹುದು ಎಂದು ನನಗೆ ಗೊತ್ತಿರಲಿಲ್ಲ.

ಪ್ರಾಯಶ್ಚಿತ್ತಕ್ಕೆ ನನಗೆ ತಿಳಿದಿದ್ದ ದಾರಿ ಒಂದೇ, ಬೇಹುಗಾರಿಕೆ. ಅದನ್ನೇ ಈ ಸಲ ಅತ್ತೆಯ ಪರವಾಗಿ ಮುಂದುವರಿಸಿದೆ. ರಫ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಯುತ್ತಾ ಹೋದೆ. ಸೋಮವಾರ ಬೆಳಗ್ಗೆ, ಹಾಸಿಗೆಯಲ್ಲಿ ಬಲಕ್ಕೆ ಹೊರಳಿದಾಗ ಬಂತು. ಮಂಗಳವಾರ ಎಡಕ್ಕೆ ಹೊರಳಿದಳು, ಬರಲಿಲ್ಲ. ಬುಧವಾರ ಹಗ್ಗದ ಮೇಲೆ ಸೀರೆ ಹಾಕಲು ಕತ್ತು ಎತ್ತಿದಾಗ ಬಂತು. ನಮ್ಮ ಮನೆಯಲ್ಲಿದ್ದ ಒಂದೇ ಗಡಿಯಾರ ಪಡಸಾಲೆಯಲ್ಲಿ, ಅದೂ ತನಗೆ ತಿಳಿದಂತೆ ನಡೆಯುತ್ತಿತ್ತು. ಹಾಗಾಗಿ ಎಷ್ಟು ಹೊತ್ತು ಎಂಬುದನ್ನು ಮನಸ್ಸಿನಲ್ಲೇ ಹದಿಮೂರರ ಮಗ್ಗಿ ಹೇಳಿ ಅಳೆದೆ. ಒಮ್ಮೆ ಪೂರಾ, ಒಮ್ಮೆ ಹದಿಮೂರೆಂಟ್ಲೆವರೆಗೆ. ಎರಡು ಸಲ ಹೇಳುವ ಪ್ರಸಂಗ ಒಮ್ಮೆಯೂ ಬರಲಿಲ್ಲ.

ಅಷ್ಟರಲ್ಲಿ ಅಪ್ಪ ಬಳ್ಳಾರಿಯಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರೊಬ್ಬರನ್ನು ವಿಚಾರಿಸಿ ಹೇಳಿಕಳಿಸಿದ. ಅಜ್ಜಿಗೆ ಇದು ಶುದ್ಧ ಹುಚ್ಚುತನವಾಗಿ ಕಂಡಿತು.

"ತಲಿ ತಿರಗಿದ್ರ ಕಿವಿ ಡಾಕ್ಟರ್ ಯಾಕ? ನಾಳಿ ಹೊಟ್ಟಿ ನೋವಿಗಿ ಹಲ್ಲಿನ ಡಾಕ್ಟರ್ ಹಂತೇಕ ಹೋಗೂನೇನು?"

ಆದರೂ ಮಗನ ಮಾತೆಂದು ಬಂದಳು. ನಾನೂ ರಫ್ ಬುಕ್ಕಿನೊಂದಿಗೆ ಹೊರಟೆ. ಡಾಕ್ಟರು ವಯಸ್ಸಾದವರು. ಒಳಗಿದ್ದವರೊಡನೆ ತೆಲುಗಿನಲ್ಲಿ ಮಾತು ಮುಗಿಸಿ ನಮ್ಮ ಕಡೆ ಕನ್ನಡಕ್ಕೆ ತಿರುಗಿದರು. ಅತ್ತೆಯನ್ನು ಏನು ಕೇಳಿದರೂ ಅಜ್ಜಿಯೇ ಉತ್ತರಿಸುತ್ತಿದ್ದಳು: ಪಿತ್ತ, ದೃಷ್ಟಿ, ಗಾಡಿ, ಕಾಲುವೆ. ಅವರು ಎಲ್ಲವನ್ನೂ ಸಮಾಧಾನದಿಂದ ಕೇಳಿ ಮತ್ತೆ ಅತ್ತೆಯನ್ನೇ ನೋಡಿದರು.

"ಅಮ್ಮಾ, ಎದ್ದು ನಿಂತಾಗ ಕಣ್ಣಿಗಿ ಕತ್ಲಿ ಬರ್ತೈತೋ, ಇಲ್ಲಾ ಮನಿನೇ ತಿರಗ್ತೈತೋ? ಇವೆರಡೂ ಬ್ಯಾರೆ ಬ್ಯಾರೆ."

ಮನೆಯೇ ತಿರುಗುತ್ತದೆ ಎಂದಳು ಅತ್ತೆ. ಯಾವಾಗ ಎಂದರೆ ಯಾವಾಗ ಬೇಕಾದರೂ ಎಂದಳು. ಎಷ್ಟು ಹೊತ್ತು ಎಂದರೆ ಬಹಳ ಹೊತ್ತು ಎಂದಳು. ತಿರುಗುವವರಿಗೆ ಹಾಗೇ ಅನ್ನಿಸುತ್ತದೆ. ನಾನು ಪುಸ್ತಕ ತೆಗೆದೆ.

"ಬಲಕ್ಕ ಹೊಳ್ಳಿದ್ರ ಬರ್ತೈತ್ರಿ, ಮ್ಯಾಲೆ ನೋಡಿದ್ರ ಬರ್ತೈತ್ರಿ. ಎಡಕ್ಕ ಹೊಳ್ಳಿದ್ರ ಬರಂಗಿಲ್ರಿ. ಹದಿಮೂರರ ಮಗ್ಗಿಯಷ್ಟು ಹೊತ್ತು ಇರ್ತೈತ್ರಿ."

ಡಾಕ್ಟರು ನಗಲಿಲ್ಲ. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಹೇಳು ನೋಡೋಣ ಎಂದರು. ನಾನು ಕೈಕಟ್ಟಿ ನಿಂತು ಶುರುಮಾಡಿದೆ. ಹದಿಮೂರೇಳ್ಲೆ ತೊಂಬತ್ತೊಂದರವರೆಗೆ ಸುಸೂತ್ರ. ಎಂಟ್ಲೆಗೆ ನಾಲಿಗೆ ಕಟ್ಟಿತು. "ನೂರಾನಾಲ್ಕು" ಎಂದಳು ರೋಗಿ, ಕೂತಲ್ಲಿಂದಲೇ. ಮುಗಿದಾಗ ಡಾಕ್ಟರು, ಅರ್ಧ ನಿಮಿಷ, ತಡವರಿಸಿದ್ದು ಬಿಟ್ಟು, ಎಂದು ಬರೆದುಕೊಂಡರು. ಈ ಹುಡುಗಿ ಅರ್ಧ ಕೆಲಸ ಮುಗಿಸಿದ್ದಾಳೆ ಎಂದು ಅಜ್ಜಿಗೆ ಹೇಳಿದರು. ಅತ್ತೆ ನನ್ನ ಕಡೆ ನೋಡಿದಳು. ಎರಡು ವಾರದಲ್ಲಿ ಅದೇ ಮೊದಲು.

ಆಮೇಲೆ ಅವಳನ್ನು ಮಂಚದ ಮೇಲೆ ಕಾಲು ಚಾಚಿ ಕೂರಿಸಿ, ಮುಖ ಬಲಕ್ಕೆ ತಿರುಗಿಸಿ, ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗಿಳಿಯುವಂತೆ ಒಮ್ಮೆಲೇ ಮಲಗಿಸಿದರು. ಅತ್ತೆಯ ಕಣ್ಣಗುಡ್ಡೆಗಳು ಗಡಗಡ ಅದುರಿದವು. ಅಜ್ಜಿ ಎದ್ದು ಡಾಕ್ಟರ ತೋಳು ಹಿಡಿದಳು. ಅವರು ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಂಡೇ ಇರಮ್ಮಾ ಎಂದು ಕೆಲಸ ಮುಂದುವರಿಸಿದರು. ಕಣ್ಣು ನಿಂತ ಮೇಲೆ ತಲೆಯನ್ನು ಎಡಕ್ಕೆ ತಿರುಗಿಸಿದರು, ಕಾದರು. ಮೈಯನ್ನೂ ಎಡಮಗ್ಗಲಿಗೆ ಹೊರಳಿಸಿ ಮುಖ ನೆಲದ ಕಡೆ ಮಾಡಿಸಿದರು, ಕಾದರು. ಮೆಲ್ಲಗೆ ಎಬ್ಬಿಸಿ ಕೂರಿಸಿದರು. ಗುಳಿಗೆ ಇಲ್ಲ, ಸೂಜಿ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಲಕ್ಕೆ ಮಲಗಿಸಿದಾಗ ಕಣ್ಣು ಕದಲಲಿಲ್ಲ.

ಎಲ್ಲರ ಕಿವಿಯೊಳಗೂ ಹುಟ್ಟಿನಿಂದಲೇ ಸಣ್ಣ ಸಣ್ಣ ಸುಣ್ಣದ ಹರಳು ಇರುತ್ತವೆ, ಇವರವು ಜಾಗ ಬಿಟ್ಟು ಪಕ್ಕದ ಕೊಳವೆಗೆ ಹೋಗಿದ್ದವು, ಹೊರಳಿಸಿ ಮನೆಗೆ ಕಳಿಸಿದ್ದೇವೆ ಎಂದು ಅವರು ವಿವರಿಸಿದರು. ಮತ್ತೆ ಬಂದರೂ ಬರಬಹುದು, ಹೆದರಬಾರದು. ಎದ್ದ ಕೂಡಲೇ ನಿಲ್ಲದೆ ಹಾಸಿಗೆಯ ಅಂಚಿನಲ್ಲಿ ಕೊಂಚ ಕೂರಬೇಕು, ಕತ್ತನ್ನು ಹಠಾತ್ತನೆ ಎತ್ತಬಾರದು. ಒಂದು ವಾರ ಏನೂ ಬರದಿದ್ದರೆ ಆಮೇಲೆ ಗಾಡಿ. ಬಾಗಿಲವರೆಗೆ ಬಂದು ಇನ್ನೊಂದು ಮಾತು ಹೇಳಿದರು.

"ತಲಿ ತಿರಗೋದರ ಜೋಡಿ ಮಾತು ತೊದಲಿದ್ರ, ಕೈಕಾಲು ಸೋತ್ರ, ಒಂದಿದ್ದದ್ದು ಎರಡು ಕಂಡ್ರ, ಮಗ್ಗಿ ಎಣಿಸಿಕೋತ ಕುಂದ್ರಬ್ಯಾಡ್ರಿ. ಸೀದಾ ದೊಡ್ಡ ಆಸ್ಪತ್ರಿಗಿ ಹೋಗ್ರಿ."

ಅಜ್ಜಿ ಇದರಿಂದ ತನ್ನದೇ ತಾತ್ಪರ್ಯ ತೆಗೆದಳು. ಇಷ್ಟು ವರ್ಷ ಕರಿಹಲಗೆಯ ಮುಂದೆ ನಿಂತು ನಿಂತು ಸೀಮೆಸುಣ್ಣವೆಲ್ಲ ಮಗಳ ಕಿವಿಗೆ ಇಳಿದಿದೆ ಎಂದು ಓಣಿಗೆಲ್ಲ ಸಾರಿದಳು. ಅತ್ತೆಯ ಕಿವಿಗೆ ಹತ್ತಿ ಇಟ್ಟು ಶಾಲೆಗೆ ಕಳಿಸಿದಳು. ಈರಣ್ಣಜ್ಜ ಸುದ್ದಿ ಕೇಳಿ, ಪಿತ್ತವೇ ಒಣಗಿ ಸುಣ್ಣವಾಗಿದೆ ಎಂದು ಕುರುಗೋಡಿನಿಂದ ತೀರ್ಪು ತಿದ್ದುಪಡಿ ಮಾಡಿ ಕಳಿಸಿದರು. ಶೇಂಗಾ ಚಟ್ನಿ ಮರಳಿ ಬಂತು. ಅರ್ಜಿ ಎಲ್ಲಿ ಹೋಯಿತೋ ಯಾರೂ ಕೇಳಲಿಲ್ಲ.

ವಾರ ಕಳೆಯಿತು. ಅತ್ತೆ ಬಲಕ್ಕೂ ಎಡಕ್ಕೂ ಹೊರಳಿ ತೋರಿಸಿದಳು. ಎಂಟನೆಯ ದಿನ ಬೆಳಗ್ಗೆ ಅಜ್ಜಿ ಮಿಂದು, ಮಡಿಸೀರೆ ಉಟ್ಟು, ಕೀಲಿಯನ್ನು ತಾನೇ ತಂದುಕೊಟ್ಟು, ಹಿಂದಿನ ಸೀಟಿನಲ್ಲಿ ಅಡ್ಡ ಕೂತುಬಿಟ್ಟಳು. ಅತ್ತೆ ಎಲ್ಲಿಗೆ ಎಂದು ಕೇಳಿದಳು.

"ಕಾಲುವಿಯಾಗ ಬೀಳೋದಾದ್ರ ಇಬ್ಬರೂ ಕೂಡೇ ಬೀಳೂನು. ನಡಿ."

ಅಲ್ಲಿಯವರೆಗೆ ಎರಡು ಗಾಲಿಯ ಗಾಡಿಯನ್ನೇ ಹತ್ತದ ಅಜ್ಜಿ ಎರಡೂ ಕೈಯಿಂದ ಮಗಳ ಸೊಂಟ ಹಿಡಿದಿದ್ದಳು. ಮುಂದೆ ನಾನು ನಿಂತಿದ್ದೆ. ಓಣಿಯ ಜನ ಕೆಲಸ ಬಿಟ್ಟು ನೋಡಿದರು. ಸೇತುವೆ ಬಂದಾಗ ಅತ್ತೆ ಇಳಿಯಲಿಲ್ಲ, ವೇಗ ತಗ್ಗಿಸಿ ನಡುಮಧ್ಯೆ ನೆಟ್ಟಗೆ ಹೊಡೆದಳು. ಕೆಳಗೆ ಕೆಂಪು ನೀರು ತುಂಬಿ ಹರಿಯುತ್ತಿತ್ತು, ಗದ್ದೆಯ ಹಸಿ ವಾಸನೆ ಮುಖಕ್ಕೆ ಬಡಿಯಿತು. ಅಜ್ಜಿ ದೇವರ ಹೆಸರು ಹೇಳುವುದು ನನಗೆ ಕೇಳಿಸಿತು. ಆಚೆ ದಂಡೆ ಮುಟ್ಟಿದ ಕೂಡಲೇ ದೇವರ ಹೆಸರು ನಿಂತು, ಇಷ್ಟು ಸಾವಕಾಶ ಹೊಡೆದರೆ ಶಾಲೆ ಬಿಡುವ ಹೊತ್ತಿಗೆ ಮುಟ್ಟುತ್ತೀವಿ ಎಂಬ ಆಕ್ಷೇಪ ಶುರುವಾಯಿತು. ಅಂದು ಗಂಟೆ ಹೊಡೆಯುವ ಮೊದಲೇ ನಾವು ಶಾಲೆಯಲ್ಲಿದ್ದೆವು.

ಅತ್ತೆ ನಿವೃತ್ತಿಯವರೆಗೂ ಗಾಡಿ ಹೊಡೆದಳು. ತಲೆತಿರುಗು ಮತ್ತೆರಡು ಸಲ ಬಂತು, ಬಳ್ಳಾರಿಗೆ ಹೋಗಿ ಹೊರಳಿಸಿಕೊಂಡು ಬಂದಳು. ಅಜ್ಜಿಯೂ ಈರಣ್ಣಜ್ಜನೂ ಈಗಿಲ್ಲ. ಹೋದ ವಾರ ನನಗೂ ಅದೇ ಬಂತು, ಹಾಸಿಗೆಯಲ್ಲೇ. ಯಾವ ಜಾತಿಯದೆಂದು ನನಗೆ ತಿಳಿದಿತ್ತು, ಹಾಗಾಗಿ ಹೆದರಲಿಲ್ಲ. ಡಾಕ್ಟರು ಹೊರಳಿಸಿದರು, ಕೆಲವು ದಿನ ಸ್ಕೂಟರ್ ಬೇಡ ಎಂದರು. ಗಂಡನಿಗೆ ಹೇಳಿದೆ. ಅವರು ಅದರ ಬಗ್ಗೆ ಫೋನಿನಲ್ಲಿ ಓದಿ, ಪ್ರಾಣಕ್ಕೇನೂ ಅಪಾಯವಿಲ್ಲ ಎಂದರು. ಸರಿಯಾದ ಮಾತೇ. ನಮ್ಮ ಕಾಲದಲ್ಲಿ ಮನೆಯಲ್ಲಿ ಒಬ್ಬರೂ ಸರಿಯಾದ ಮಾತು ಆಡುವವರು ಇರಲಿಲ್ಲ, ಒಬ್ಬರ ತಲೆ ತಿರುಗಿದರೆ ಮನೆಯೆಲ್ಲ ತಿರುಗುತ್ತಿತ್ತು. ಅಡ್ಡ ನಿಂತು ತಡೆಯುವವರಿದ್ದಾಗ ಹಟ ಹಿಡಿಯುವುದಕ್ಕೂ ಒಂದು ರುಚಿ ಇತ್ತು. ಈಗ ಸ್ಕೂಟರ್ ಬ್ಯಾಡ ಅನ್ನುವವಳೂ ನಾನೇ, ಆತು ಅನ್ನುವವಳೂ ನಾನೇ. ವಾದವಿಲ್ಲದೆ ತೀರ್ಮಾನವಾಗಿ, ಆಟೋ ಹತ್ತಿ ಕೆಲಸಕ್ಕೆ ಹೋಗುತ್ತೇನೆ.