ಒಬ್ಬನೇ ಬಳಕೆದಾರ

ನಮ್ಮ ಅತ್ತಿಗೆಯದು ತಕ್ಕಡಿ ರಿಪೇರಿ ಕೆಲಸ. ಅಂಗಡಿಗಳಲ್ಲಿ, ಗೋದಾಮುಗಳಲ್ಲಿ ಕೆಂಪು ಅಂಕಿ ಮಿಣುಕಿಸುತ್ತಾ ಕೂತಿರುತ್ತವಲ್ಲ, ಆ ತಕ್ಕಡಿಗಳು. ರೈಲು ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅವರದೊಂದು ಕಿರಿದಾದ ಅಂಗಡಿ. ಒಳಗೆ ಹೋದವರು ಹೊರಗೆ ಬರಬೇಕಾದರೆ ಹಿಂದು ಹಿಂದಕ್ಕೇ ನಡೆಯಬೇಕು. ಇಪ್ಪತ್ತೆರಡು ವರ್ಷ ಅಲ್ಲಿ ಕೂತ ಅತ್ತಿಗೆಗೆ ಒಂದು ಹಠ ಅಂಟಿಕೊಂಡಿತ್ತು. ತಟ್ಟೆಯ ಮೇಲೆ ಏನೂ ಇಲ್ಲದಿದ್ದರೆ ತಕ್ಕಡಿ ಸೊನ್ನೆ ತೋರಿಸಬೇಕು. ಎರಡು ಗ್ರಾಂ ತೋರಿಸಿದರೂ ಪೂರ್ತಿ ಬಿಚ್ಚಿ ಹಾಕುತ್ತಿದ್ದರು. “ಎರಡು ಗ್ರಾಂ ತಾನೇ, ಬಿಡಿ” ಎಂದ ಗಿರಾಕಿಗೆ ಸರಿಯಾಗಿ ಬಿಸಿ ಮುಟ್ಟಿಸಿಯೇ ಕಳಿಸುತ್ತಿದ್ದರು.

ಇಂಥವರು ನಲವತ್ತಾರನೆಯ ವಯಸ್ಸಿನಲ್ಲಿ ಕಂಪ್ಯೂಟರಿನ ಕರ್ನಲ್ ತಿದ್ದಲು ಕಲಿತರು ಎಂದರೆ ಕೇಳಿದವರು ನನ್ನ ಮುಖ ನೋಡಿ ನಗುತ್ತಾರೆ. ನಗಲಿ, ಅವರ ಹಲ್ಲು. ಅತ್ತಿಗೆ ಕಲಿತದ್ದು ಹೆಸರು ಮಾಡಲಿಕ್ಕಲ್ಲ, ಹೊಸ ಕೆಲಸ ಹಿಡಿಯಲಿಕ್ಕೂ ಅಲ್ಲ. ನನ್ನ ಅಣ್ಣನ ಜೊತೆ ಮಾತಾಡಲಿಕ್ಕೆ.

ಅಣ್ಣ ಅಚ್ಚುಕೂಟವೊಂದರಲ್ಲಿ ಕರಡು ತಿದ್ದುತ್ತಿದ್ದ. ಮೂವತ್ತೈದಕ್ಕೆ ಕಣ್ಣು ಹೋಯಿತು. ಹತ್ತು ವರ್ಷ ಬಿಟ್ಟು, ಅದೇ ಕಾಯಿಲೆ ವಾಪಸು ಬಂದು ಕಿವಿಯನ್ನೂ ತೆಗೆದುಕೊಂಡು ಹೋಯಿತು. ನಾನು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನು. “ಊರಿಗೆಲ್ಲ ಕಣ್ಣು ಕೊಡ್ತಾನೆ, ಒಡಹುಟ್ಟಿದೋನಿಗೆ ಮಾತ್ರ ಸ್ಟಾಕ್ ಇಲ್ಲ ಅಂತಾನೆ” ಎಂದು ಮೊದಲು ತಮಾಷೆ ಮಾಡಿದವನು ಅಣ್ಣನೇ. ಮಾತು ಅವನ ಬಾಯಲ್ಲಿ ಕೊನೆಯವರೆಗೂ ಇತ್ತು. ನಮ್ಮ ಮಾತು ಅವನಿಗೆ ತಲುಪುವ ದಾರಿ ಮಾತ್ರ ಮುಚ್ಚಿತ್ತು.

ಉಳಿದದ್ದು ಬೆರಳು. ನಮ್ಮ ಮನೆಯಲ್ಲಿ ಚುಕ್ಕಿಪಟ್ಟಿ ಎನ್ನುತ್ತಿದ್ದ ಒಂದು ಸಾಧನವಿತ್ತು. ಮೊಳದುದ್ದದ ಕಪ್ಪು ಡಬ್ಬಿ. ಅದರ ಮೇಲೆ ನಲವತ್ತು ಅಕ್ಷರಗಳ ಜಾಗ. ಕಂಪ್ಯೂಟರಿನಲ್ಲಿ ಏನು ಬಂದರೂ ಅದು ಬ್ರೈಲ್ ಲಿಪಿಯಲ್ಲಿ, ಸಾಸಿವೆಯಷ್ಟು ಸಣ್ಣ ಮೊಳೆಗಳಾಗಿ ಎದ್ದು ನಿಲ್ಲುತ್ತಿತ್ತು. ಅಣ್ಣ ಬೆರಳಾಡಿಸಿ ಓದುತ್ತಿದ್ದ. ಅತ್ತಿಗೆ ಅಂಗಡಿಯಿಂದ ಬೆರಳಚ್ಚಿಸಿದ್ದು, ಸುದ್ದಿ, ಪುಸ್ತಕ ಎಲ್ಲವೂ ಆ ಪಟ್ಟಿಯ ಮೇಲೇ. ಅದಿಲ್ಲದಿದ್ದರೆ ಅವನ ಅಂಗೈಯ ಮೇಲೆ ಒಂದೊಂದೇ ಅಕ್ಷರ ಬರೆಯಬೇಕು. ಅತ್ತಿಗೆ ಪುಟಗಟ್ಟಲೆ ಬರೆಯುತ್ತಿದ್ದರು. ನಾನು ಸೋಮಾರಿ. ಮಹಡಿಯ ಮೇಲೇ ಇದ್ದರೂ ವಾರಕ್ಕೊಮ್ಮೆ ಇಳಿದು ಬಂದು ‘ಊಟ ಆಯ್ತಾ’ ಎಂದು ಬರೆದು ಎದ್ದುಬಿಡುತ್ತಿದ್ದೆ.

ಹಳೆಯ ಕಂಪ್ಯೂಟರು ಒಂದು ದಿನ ಕೈಕೊಟ್ಟಿತು. ಹೊಸದನ್ನು ತಂದು ಪಟ್ಟಿ ಜೋಡಿಸಿದರೆ ಮೊಳೆಗಳು ಹುಚ್ಚುಹುಚ್ಚಾಗಿ ಎದ್ದು ಬಿದ್ದವು. ಅಣ್ಣ ಬೆರಳಿಟ್ಟು ನೋಡಿ, “ಇದು ಕುಡಿದಿದೆ” ಎಂದ. ಪಟ್ಟಿ ಮಾಡಿದ ಕಂಪನಿ ಮುಚ್ಚಿ ಯಾವ ಕಾಲವಾಗಿತ್ತೋ. ಅತ್ತಿಗೆ ಹುಡುಕಾಡಿ ತಿಳಿದುಕೊಂಡದ್ದು ಇಷ್ಟು: ಕಂಪ್ಯೂಟರಿನ ಒಳಗೆ ಕರ್ನಲ್ ಎಂಬ ತಿರುಳು ಇರುತ್ತದೆ. ಕೀಲಿಮಣೆ, ಪರದೆ, ಪಟ್ಟಿ, ಯಾವುದೇ ಯಂತ್ರದ ಜೊತೆ ಮಾತಾಡಬೇಕಾದರೂ ಅದರ ಮೂಲಕವೇ. ನಮ್ಮ ಮನೆಯ ಕರ್ನಲ್ ಓಪನ್ ಸೋರ್ಸ್. ಅಂದರೆ ಅದರ ಒಂದೊಂದು ಸಾಲನ್ನೂ ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಒಪ್ಪುವುದು ಬಿಡುವುದು ಆ ಭಾಗವನ್ನು ನೋಡಿಕೊಳ್ಳುವ ಪಾಲಕರಿಗೆ ಬಿಟ್ಟದ್ದು. ಚುಕ್ಕಿಪಟ್ಟಿಯ ಜೊತೆ ಮಾತಾಡುವ ತುಂಡಿಗೆ ಡ್ರೈವರ್ ಎಂದು ಹೆಸರು. ಆ ಡ್ರೈವರಿನ ಬಗ್ಗೆ ಹೋದ ತಿಂಗಳಷ್ಟೇ ಒಂದು ಪ್ರಕಟಣೆ ಬಂದಿತ್ತು. ‘ಹತ್ತು ವರ್ಷದಿಂದ ಯಾರೂ ಚಕಾರ ಎತ್ತಿಲ್ಲ. ಬಳಕೆದಾರರು ಇದ್ದಾರೆಯೇ? ಇಲ್ಲವಾದರೆ ತೆಗೆದುಹಾಕುತ್ತೇವೆ.’

ಆ ಪ್ರಕಟಣೆ ಬಂದಿದ್ದ, ಎಲ್ಲರೂ ಓದುವ ಇ-ಮೇಲ್ ಅಂಚೆಬಳಗಕ್ಕೆ ಅತ್ತಿಗೆ ಬರೆದರು: ‘ಒಬ್ಬರಿದ್ದಾರೆ. ನನ್ನ ಗಂಡ.’

ಪಾಲಕನ ಉತ್ತರ ಮರುದಿನವೇ ಬಂತು. ‘ಒಬ್ಬರಿದ್ದರೆ ತೆಗೆಯುವುದಿಲ್ಲ. ಆದರೆ ನನ್ನ ಬಳಿ ಆ ಪಟ್ಟಿ ಇಲ್ಲ. ಸರಿಮಾಡಬೇಕಾದವರು ನೀವೇ. ಎರಡು ಆವೃತ್ತಿಗಳವರೆಗೆ ಕಾಯುತ್ತೇನೆ.’ ಎರಡು ಆವೃತ್ತಿ ಎಂದರೆ ಹೆಚ್ಚುಕಮ್ಮಿ ಐದು ತಿಂಗಳು. ಎಲ್ಲಿಯವನೋ, ಯಾರೋ, ಮುಖ ಕಂಡವರಿಲ್ಲ. ನಮ್ಮ ಮನೆಯಲ್ಲಿ ಅವನಿಗೆ ಮೇಷ್ಟ್ರು ಎಂದು ಹೆಸರಾಯಿತು.

ಐದು ತಿಂಗಳು ಅತ್ತಿಗೆ ಮನುಷ್ಯರಂತೆ ಉಣ್ಣಲಿಲ್ಲ. ಅಂಗಡಿಯ ಮೇಜಿನ ಮೇಲೆ ಬಿಚ್ಚಿದ ತಕ್ಕಡಿ, ಅದರ ತಟ್ಟೆಯ ಮೇಲೆ ಸಿ ಎಂಬ ಕಂಪ್ಯೂಟರ್ ಭಾಷೆಯ ಪುಸ್ತಕ. “ಪುಸ್ತಕ ಒಂಬೈನೂರ ಎಂಬತ್ತು ಗ್ರಾಂ ಇದೆ. ತಲೆಗೆ ಹೋಗಿದ್ದು ಇಪ್ಪತ್ತು ಗ್ರಾಂ ಇರಬಹುದು” ಎನ್ನುತ್ತಿದ್ದರು. ಸಾವಿರದ ನೂರ ಅರವತ್ತನಾಲ್ಕು ಸಾಲಿನ ಡ್ರೈವರನ್ನು ಕಾಗದಕ್ಕೆ ಇಳಿಸಿ, ಸಾಲು ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಅರ್ಥ ಬರೆದರು. ತಿದ್ದಿದ ಸಾಲುಗಳನ್ನು ಸೇರಿಸಿ ಅವರು ಮೊದಲು ಕಟ್ಟಿದ ಕರ್ನಲ್ ಏಳಲೇ ಇಲ್ಲ. ಪರದೆ ಕಪ್ಪಗೆ ಕೂತಿತ್ತು. ಎರಡನೆಯದೂ ಅಷ್ಟೆ. ಒಂದು ಸಲ ಕಟ್ಟಲು ಆ ಕಂಪ್ಯೂಟರಿಗೆ ನಾಲ್ಕು ಗಂಟೆ ಬೇಕು. ಬೆಳಿಗ್ಗೆ ಶುರುಮಾಡಿ ಅಂಗಡಿಗೆ ಹೋಗಿ, ಮಧ್ಯಾಹ್ನ ಓಡೋಡಿ ಬಂದು ನೋಡಿ, ಸಪ್ಪೆ ಮುಖ ಹೊತ್ತು ಮತ್ತೆ ಅಂಗಡಿಗೆ ಹೋಗುತ್ತಿದ್ದರು.

ಕೊನೆಗೊಮ್ಮೆ ಒಂದು ತಿದ್ದುಪಡಿ ಕಳಿಸಿದರು. ಅರ್ಧ ಗಂಟೆಯೊಳಗೆ ಉತ್ತರ: ‘ಇದನ್ನು ಕರ್ನಲ್‌ಗೆ ಸೇರಿಸಲು ಬರುವುದಿಲ್ಲ. ನಿಮ್ಮ ಅಂಚೆ ತಂತ್ರಾಂಶ ಟ್ಯಾಬ್‌ಗಳನ್ನೆಲ್ಲ ಖಾಲಿ ಜಾಗಗಳಾಗಿ ಮಾಡಿದೆ.’ ಸಾಲಿನ ಮೊದಲಿಗೆ ಬಿಡುವ ಜಾಗವನ್ನು ಅಂಚೆಯೇ ಚಂದ ಮಾಡಲು ಹೋಗಿ ಕೆಡಿಸಿತ್ತು. ಎರಡನೆಯ ಸಲ ಅತ್ತಿಗೆ ಬಳಗವನ್ನು ಬಿಟ್ಟು ಮೇಷ್ಟ್ರಿಗೊಬ್ಬರಿಗೇ ಉತ್ತರ ಬರೆದರು. ‘ಇಲ್ಲಿ ಗುಟ್ಟಿನ ಮಾತಿಲ್ಲ. ಎಲ್ಲರ ಮುಂದೆ ಹೇಳಿ’ ಎಂದು ಅದಕ್ಕೂ ಬೈಗುಳ. ಜೊತೆಗೆ ಹದಿನಾಲ್ಕು ತಪ್ಪುಗಳ ಪಟ್ಟಿ. ನನಗೆ ರಕ್ತ ಕುದಿಯಿತು. “ಇವನ್ಯಾವ ಸೀಮೆ ದೊಡ್ಡ ಮನುಷ್ಯ? ಬಿಟ್ಹಾಕಿ ಅತ್ತಿಗೆ” ಎಂದೆ.

ಅತ್ತಿಗೆ ಆ ಹದಿನಾಲ್ಕನ್ನೂ ಅಣ್ಣನ ಅಂಗೈಗೆ ಬರೆದು ಹೇಳಿದರು. ಅಣ್ಣ ಕೂತಲ್ಲೇ ಗಹಗಹಿಸಿ ನಕ್ಕ. “ನನಗಿಂತ ಖಡಕ್ ಆಸಾಮಿ ಸಿಕ್ಕಿದಾನೆ ನಿನಗೆ. ಅಳಬೇಡ. ತಿದ್ದಿದಾನೆ ಅಂದ್ರೆ ಓದಿದಾನೆ ಅಂತ ಅರ್ಥ. ಓದದೇ ಇರೋರು ಚೆನ್ನಾಗಿದೆ ಅಂತ ಹೇಳಿ ಕಳಿಸ್ತಾರೆ. ನಾನು ಹದಿನೈದು ವರ್ಷ ನೋಡಿಲ್ವಾ?”

ಮೂರನೆಯ ತಿದ್ದುಪಡಿಯದೇ ಮರೆಯಲಾಗದ ಕಥೆ. ಪಟ್ಟಿ ಮುದಿಯಾಗಿತ್ತು. ಒಂದು ಅಕ್ಷರ ಎಬ್ಬಿಸಿ ಇನ್ನೊಂದಕ್ಕೆ ಹೋಗುವ ಮೊದಲು ಅದಕ್ಕೆ ಚೂರು ವಿರಾಮ ಬೇಕಿತ್ತು. ತಕ್ಕಡಿಗಳ ಜೊತೆ ಏಗಿದ ಅತ್ತಿಗೆ ಇದನ್ನು ಸರಿಯಾಗಿಯೇ ಹಿಡಿದರು. ಡ್ರೈವರಿಗೆ ಅಲ್ಲಿ ಕ್ಷಣಮಾತ್ರ ನಿದ್ದೆ ಹೋಗು ಎಂದು ಒಂದು ಸಾಲು ಸೇರಿಸಿದರು. ಅದರ ಹಿಂದಿನ ಸಾಲಿನಲ್ಲೇ, ಬೇರೆ ಕೆಲಸ ನಡುವೆ ನುಗ್ಗದಂತೆ ಒಂದು ಬೀಗ ಹಾಕಿದ್ದುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕರ್ನಲ್‌ನಲ್ಲಿ ಅಂಥ ಬೀಗ ಹಿಡಿದಿರುವಾಗ ಮಲಗುವ ಹಾಗಿಲ್ಲ. ಮಲಗಿದವನ ಕೈಯಲ್ಲಿ ಬೀಗ ಇರುವುದರಿಂದ ಉಳಿದ ಕೆಲಸಗಳೆಲ್ಲ ಬಾಗಿಲಲ್ಲೇ ನಿಲ್ಲುತ್ತವೆ. ಪ್ರತಿ ಸಲವೂ ಹೀಗಾಗುವುದಿಲ್ಲ, ಅದೇ ತೊಂದರೆ. ಎರಡು ದಿನ ಪಟ್ಟಿ ಸೊಗಸಾಗಿ ಓಡಿತು. ಅತ್ತಿಗೆ ಹಿಗ್ಗಿ ಮೇಷ್ಟ್ರಿಗೆ ಕಳಿಸಿಯೂ ಬಿಟ್ಟರು. ಪರೀಕ್ಷೆಗೆಂದು ಬೇರೆ ಪಟ್ಟಿ ಎಲ್ಲಿಂದ ತರಬೇಕು? ಇದ್ದದ್ದೊಂದೇ, ಅಣ್ಣನದು.

ಮೂರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಅತ್ತಿಗೆ ಇನ್ನೂ ಮನೆಯಲ್ಲೇ ಇರುವಾಗ, ಗೋದಾಮೊಂದರಿಂದ ಕರೆ ಬಂತು. ಅತ್ತಿಗೆ ‘ಒಂದು ನಿಮಿಷ ಇರಿ, ಬಂದೆ’ ಎಂದು ಬೆರಳಚ್ಚಿಸಿ ಫೋನು ಹಿಡಿದು ಹೊರಗೆ ಹೋದರು. ಗೋದಾಮಿನ ದೊಡ್ಡ ತಕ್ಕಡಿ ಕೆಟ್ಟು ಲಾರಿಗಳು ಸಾಲುಗಟ್ಟಿದ್ದವು. ಹಾಗೇ ಓಡಿದರು. ದಾರಿಯಿಂದಲೇ ‘ಸಂಜೆಯಾಗುತ್ತದೆ, ಡಬ್ಬಿಯಲ್ಲಿರುವುದನ್ನು ಉಂಡುಬಿಡಿ’ ಎಂದು ಸಂದೇಶ ಕಳಿಸಿದರು. ಅಷ್ಟರಲ್ಲಿ ಯಂತ್ರ ಹೆಪ್ಪುಗಟ್ಟಿತ್ತು.

ಎದ್ದ ಮೊಳೆಗಳು ಎದ್ದ ಹಾಗೇ ಉಳಿದವು. ಒಂದು ನಿಮಿಷ ಇರಿ, ಬಂದೆ. ಅಣ್ಣ ಇದ್ದ. ಹನ್ನೊಂದರಿಂದ ಐದೂವರೆಯವರೆಗೆ, ಬೆರಳು ಆ ಸಾಲಿನ ಮೇಲಿಟ್ಟುಕೊಂಡು, ನೀರು ಕುಡಿಯಲೂ ಏಳದೆ ಕೂತಿದ್ದ. ಎದ್ದು ಹೋದಾಗ ಅವಳು ಬಂದರೆ, ಮಾತು ತಪ್ಪಿಹೋದರೆ ಎಂದು.

ಆ ದಿನ ನನಗೆ ರಜೆ. ಎರಡು ಗಂಟೆಗೆ ಮೆಟ್ಟಿಲಿಳಿಯುವಾಗ ಕಿಟಕಿಯಲ್ಲಿ ಅವನನ್ನು ನೋಡಿದೆ. ಬೆರಳು ಪಟ್ಟಿಯ ಮೇಲಿತ್ತು. ಓದುತ್ತಿದ್ದಾನೆ, ಒಳ್ಳೆಯದೇ ಆಯಿತು, ಅಂಗೈ ಮೇಲೆ ಬರೆಯುವ ಕೆಲಸ ತಪ್ಪಿತು ಎಂದುಕೊಂಡು ಮುಂದೆ ಹೋದೆ. ಇದನ್ನು ಅತ್ತಿಗೆಗೆ ಇಂದಿಗೂ ಹೇಳಿಲ್ಲ. ಹೇಳುವಷ್ಟು ಗಂಡಸುತನ ನನ್ನಲ್ಲಿಲ್ಲ.

ಸಂಜೆ ಅತ್ತಿಗೆ ಬಂದು ನೋಡಿ ಎದೆ ಬಡಿದುಕೊಂಡರು. ಅಣ್ಣ ರೇಗಲಿಲ್ಲ. “ಒಂದು ನಿಮಿಷ ಅಂದ್ಯಲ್ಲ, ನಿನ್ನ ಗಡಿಯಾರ ರಿಪೇರಿಗೆ ಕೊಡು” ಎಂದನಂತೆ. ಮರುದಿನ ಬೆಳಿಗ್ಗೆ ಮೇಷ್ಟ್ರ ಉತ್ತರ ಬಂತು: ‘ಬೀಗ ಹಿಡಿದು ಮಲಗಿದ್ದೀರಿ. ಯಂತ್ರ ಹೆಪ್ಪುಗಟ್ಟುತ್ತದೆ.’ ಓದಿದ ಕೂಡಲೇ ಕಂಡುಹಿಡಿದಿದ್ದ. ಒಂದು ದಿನ ತಡವಾಗಿತ್ತು, ಅಷ್ಟೆ.

ಅಂದಿನಿಂದ ಅತ್ತಿಗೆ ನಗುವುದನ್ನು ಕಮ್ಮಿ ಮಾಡಿದರು. ನಾಲ್ಕನೆಯದನ್ನು ಬರೆದರು, ಐದನೆಯದನ್ನು ಬರೆದರು. ಆರನೆಯದರಲ್ಲಿ ಎಲ್ಲ ಸರಿಹೋಯಿತು. ಪಟ್ಟಿ ವಾರಗಟ್ಟಲೆ ತಡವರಿಸದೆ ಓಡಿತು. ಮೇಷ್ಟ್ರೂ ಮೆತ್ತಗಾಗಿ ಬರೆದ: ‘ಚೆನ್ನಾಗಿದೆ. ಇನ್ನೊಂದೇ ಬಾಕಿ. ಪರೀಕ್ಷಿಸಿದವರು ಎಂಬ ಸಾಲು ಬೇಕು. ಅದನ್ನು ಬಳಕೆದಾರರೇ, ತಮ್ಮ ಹೆಸರಿನಲ್ಲಿ, ತಾವೇ ಕಳಿಸಬೇಕು. ಬೇರೆಯವರು ಅವರ ಪರವಾಗಿ ಬರೆಯುವಂತಿಲ್ಲ.’

ಅಣ್ಣನ ಸಂಭ್ರಮ ಹೇಳತೀರದು. “ನೂರಾರು ಪುಸ್ತಕ ತಿದ್ದಿದೀನಿ. ಯಾವುದರಲ್ಲೂ ನನ್ನ ಹೆಸರಿಲ್ಲ. ಈಗ ಬರುತ್ತೆ ನೋಡು” ಎಂದ. ಸರಿ, ಇವತ್ತೇ ಕಳಿಸಿ ಎಂದು ಅತ್ತಿಗೆ ಅಂಗೈಗೆ ಬರೆದರು. ಅಣ್ಣ ಕೈ ಎಳೆದುಕೊಂಡ. “ಓದದೆ ಸಹಿ ಹಾಕೋನಲ್ಲ ನಾನು. ಎರಡು ವಾರ ಕೊಡು. ಒಂದು ದಪ್ಪ ಪುಸ್ತಕ ಪೂರ್ತಿ ಓದ್ತೀನಿ. ಒಂದೇ ಒಂದು ಚುಕ್ಕಿ ತಪ್ಪಿದರೂ ವಾಪಸ್.” ಹತ್ತು ದಿನ ಓದಿದ. ಹನ್ನೊಂದನೆಯ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲಿಲ್ಲ. ಹೃದಯ ನಿಂತಿದೆ ಎಂದರು ಡಾಕ್ಟರು.

ತಿಂಗಳಾದ ಮೇಲೆ ಮೇಷ್ಟ್ರ ಪತ್ರ ಬಂತು. ‘ಗಡುವು ಈ ವಾರ ಮುಗಿಯುತ್ತದೆ. ಪರೀಕ್ಷೆ ಏನಾಯಿತು? ಬಳಕೆದಾರರು ಇದ್ದಾರೆ ತಾನೇ?’

ಅತ್ತಿಗೆ ನನಗೆ ತೋರಿಸಿದರು. ನಾನು ಹೇಳಿದೆ, “ಅಣ್ಣನ ಹೆಸರು ಹಾಕಿ ಕಳಿಸಿಬಿಡಿ. ಹತ್ತು ದಿನ ಓದಿದ್ದ ತಾನೇ? ಮೇಷ್ಟ್ರಿಗೇನು ಗೊತ್ತಾಗುತ್ತೆ?”

“ಎರಡು ವಾರ ಅಂದಿದ್ರು. ಆಗಲಿಲ್ಲ.”

“ನಿಮ್ಮ ಹೆಸರಾದರೂ ಉಳಿಯುತ್ತಲ್ಲ ಅತ್ತಿಗೆ. ಐದು ತಿಂಗಳು ಜೀವ ತೇಯ್ದಿದ್ದೀರಿ. ಇದಾರೆ ಅಂತ ಬರೀರಿ, ಅಷ್ಟೆ.”

ಅತ್ತಿಗೆ ನನ್ನನ್ನು ಆ ಎರಡು ಗ್ರಾಂ ಗಿರಾಕಿಯನ್ನು ನೋಡಿದ ಹಾಗೆ ನೋಡಿದರು. “ತಟ್ಟೆ ಮೇಲೆ ಯಾರಿದಾರೆ ಈಗ?” ಎಂದರು.

ಅಂದು ಮಧ್ಯಾಹ್ನವೇ ಕೂತು ಏಳನೆಯ ತಿದ್ದುಪಡಿ ಮಾಡಿದರು. ಡ್ರೈವರನ್ನು ಸರಿಮಾಡುವುದಲ್ಲ, ತೆಗೆಯುವುದು. ಸಾವಿರದ ನೂರ ಅರವತ್ತನಾಲ್ಕು ಸಾಲು ಅಳಿಸಿದ್ದು, ಸೇರಿಸಿದ್ದು ಸೊನ್ನೆ. ಏಕೆ ಎಂಬ ಕಾರಣವನ್ನು ಮೇಲೆ ಬರೆಯುವುದು ಅಲ್ಲಿಯ ಪದ್ಧತಿ. ಅತ್ತಿಗೆ ಬರೆದರು: ‘ಈ ಸಾಧನಕ್ಕೆ ಇದ್ದ ಒಬ್ಬರೇ ಬಳಕೆದಾರರು ತೀರಿಕೊಂಡಿದ್ದಾರೆ. ಇನ್ನು ಯಾರಿಗೂ ಇದರ ಅಗತ್ಯವಿಲ್ಲ.’ ಟ್ಯಾಬ್‌ಗಳು ಸರಿ ಇದ್ದವು, ಬಳಗದ ವಿಳಾಸ ಸರಿ ಇತ್ತು, ಕೆಳಗೆ ಅವರ ಸಹಿ ಇತ್ತು. ಕಳಿಸಿದರು.

ಮರುದಿನ ಬೆಳಿಗ್ಗೆ ಅತ್ತಿಗೆ ನನ್ನನ್ನು ಕೆಳಗೆ ಕರೆದರು. ಉತ್ತರ ಒಂದೇ ಸಾಲು: ‘ಸ್ವೀಕರಿಸಿದೆ. ನನಗೆ ತುಂಬಾ ದುಃಖವಾಗಿದೆ.’ ಐದು ತಿಂಗಳಲ್ಲಿ ಅತ್ತಿಗೆಯದು ಕರ್ನಲ್ ಸೇರಿದ್ದು ಅದೊಂದೇ. ಅವರು ಆ ಪತ್ರವನ್ನು ಮೇಲೆ ಕೆಳಗೆ ಸರಿಸಿ, ಇನ್ನೂ ಏನೋ ಇರಬೇಕೆಂಬಂತೆ ಹುಡುಕುತ್ತಿದ್ದರು.

“ಒಂದು ತಪ್ಪೂ ಹಿಡಿದಿಲ್ಲ” ಎಂದರು. “ಓದಿದಾನೋ ಇಲ್ವೋ.”

ಅಣ್ಣನ ಕುರ್ಚಿ ಖಾಲಿ ಇತ್ತು, ನಾನು ಅದರಲ್ಲಿ ಕೂರಲಿಲ್ಲ. ಅತ್ತಿಗೆ ಪಟ್ಟಿಯ ತಂತಿ ಕಿತ್ತು ಸುತ್ತಿಟ್ಟು, ಅಂಗಡಿಯ ಬೀಗದ ಕೈ ತೆಗೆದುಕೊಂಡು ಹೊರಟರು.