ಬಾರದ ಜ್ವರ

ಸಂಶೋಧನಾ ಕೇಂದ್ರದ ಮೇಲಿನ ಮಹಡಿಯಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ವಿಜ್ಞಾನಿಗಳು ಬಂದರು, ಪೇಪರು ಬರೆದರು, ಹೋದರು. ದೊಡ್ಡಕ್ಕ ಮಾತ್ರ ತನ್ನ ಸ್ಟೂಲು ಬಿಟ್ಟು ಅಲುಗಲಿಲ್ಲ. ಬಿಳಿ ರಕ್ತಕಣ ಬೆಳೆಸುವುದು, ಅವನ್ನು ಕೆಣಕುವ ದ್ರವ ಹಾಕುವುದು, ಆಮೇಲೆ ಒಡೆದು ಒಳಗೇನು ನಡೆಯಿತೆಂದು ನೋಡುವುದು ಅವಳ ಕೆಲಸ.

ಒಳಗೆ ನಡೆಯುವುದನ್ನು ಹೊಸಬರಿಗೆ ಅವಳು ತನ್ನದೇ ರೀತಿಯಲ್ಲಿ ಹೇಳುತ್ತಿದ್ದಳು. "ಕಣದ ಬಾಗಿಲಿಗೆ ಸುದ್ದಿ ಬರುತ್ತೆ, ಕ್ರಿಮಿ ಹೊಕ್ಕಿದೆ ಅಂತ. ಬಾಗಿಲ ಹಿಂದೆ ಒಂದು ಪ್ರೋಟೀನು ಕೂತಿರುತ್ತೆ, ನಮ್ಮ ಆಫೀಸಿನ ಜವಾನನ ಹಾಗೆ. ಸುದ್ದಿ ತಗೊಂಡು ಕಣದ ನಡುಮನೆಗೆ ಓಡುತ್ತೆ. ಅಲ್ಲಿ ಜೀನುಗಳು ಮಲಗಿರ್ತವೆ. ಜ್ವರ ತರೋದನ್ನ, ಊತ ತರೋದನ್ನ ಎಬ್ಬಿಸುತ್ತೆ. ಕೆಲಸ ಮುಗಿದ ಮೇಲೆ ಇನ್ನೊಂದು ಪ್ರೋಟೀನು ಬಂದು, ಸಾಕಪ್ಪಾ ಅಂತ ಇದನ್ನ ಕೂರಿಸಬೇಕು."

ಜವಾನ ಓಡಿದ್ದರೆ ಪರದೆಯ ಮೇಲೆ ಕಪ್ಪು ಪಟ್ಟಿ ಮೂಡುತ್ತಿತ್ತು. ಮೂಡದಿದ್ದರೆ "ತೆಪ್ಪಗಿದೆ" ಎನ್ನುವುದು ಆ ಲ್ಯಾಬಿನ ವಾಡಿಕೆ. ಹೊಸ ಔಷಧಿ ಹಾಕಿದ ಕಣ ತೆಪ್ಪಗಾದರೆ ಎಲ್ಲರಿಗೂ ಖುಷಿ. ದೊಡ್ಡಕ್ಕ ಅಷ್ಟಕ್ಕೆ ಬಿಡುವವಳಲ್ಲ. "ಸತ್ತ ಕಣಾನೂ ತೆಪ್ಪಗೇ ಇರುತ್ತೆ. ಮೊದಲು ಬದುಕಿದೆಯಾ ನೋಡಿ," ಎಂದು ನೀಲಿ ಬಣ್ಣದ ಸೀಸೆಯನ್ನು ಮುಂದೆ ತಳ್ಳುತ್ತಿದ್ದಳು. ಸತ್ತದ್ದು ನೀಲಿ ಹೀರುತ್ತದೆ, ಬದುಕಿದ್ದು ಹೀರುವುದಿಲ್ಲ.

ಅವಳ ತಂಗಿಯ ಮೈಯಲ್ಲಿ ಜವಾನ ಕೂರುತ್ತಲೇ ಇರಲಿಲ್ಲ. ಕ್ರಿಮಿಯೂ ಇಲ್ಲ, ಸುದ್ದಿಯೂ ಇಲ್ಲ, ಆದರೂ ಓಟ. ಸಂಜೆಯಾದರೆ ಜ್ವರ, ಬೆಳಗಾದರೆ ಊದಿದ ಕೀಲು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಕಾಯಬೇಕಾದ ಕಣಗಳೇ ಅವಳನ್ನು ತಿನ್ನುತ್ತಿದ್ದವು. ಜವಾನನ ಕಾಲು ಕಟ್ಟಿಹಾಕುವ ಮಾತ್ರೆಯನ್ನು ವೈದ್ಯರು ಬರೆದುಕೊಟ್ಟರು. ತಂಗಿ ಹಿಂದೆಮುಂದೆ ನೋಡಿದಳು. ದೊಡ್ಡಕ್ಕ "ತಗೋ" ಎಂದ ಮೇಲೆ ತಗೊಂಡಳು. ಜ್ವರ ಬಿಟ್ಟಿತು. ಮೆಟ್ಟಿಲು ಹತ್ತಿದಳು, ಮಗಳ ಜಡೆ ತಾನೇ ಹೆಣೆದಳು. ಸೋಂಕಿನ ಬಗ್ಗೆ ಹುಷಾರು ಎಂದಿದ್ದರು ವೈದ್ಯರು. ದೊಡ್ಡಕ್ಕ ಇರುವಾಗ ನಮಗೇನು ಭಯ ಎಂದು ಮನೆಯವರು ನಕ್ಕಿದ್ದರು.

ಒಂದು ಮಧ್ಯಾಹ್ನ ತಂಗಿಯ ಫೋನು ಬಂತು. "ಅಕ್ಕಾ, ನಿನ್ನೆಯಿಂದ ಕೆಮ್ಮು. ಮೈಯೆಲ್ಲ ಸುಸ್ತು. ಡಾಕ್ಟರ ಹತ್ರ ಹೋಗ್ಲಾ?"

ದೊಡ್ಡಕ್ಕನ ಒಂದು ಕೈಯಲ್ಲಿ ಕಣಗಳ ತಟ್ಟೆಯಿತ್ತು. "ಜ್ವರ ಇದೆಯೇನೇ?"

"ಇಲ್ಲ. ಈಗಷ್ಟೇ ನೋಡ್ದೆ."

"ಹಾಗಾದ್ರೆ ತೆಪ್ಪಗಿದೆ ಬಿಡು. ಬಿಸಿನೀರು ಕುಡಿದು ಮಲ್ಕೋ."

ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಅದೇ. ಕಾಲು ಕಟ್ಟಿಸಿಕೊಂಡ ಜವಾನ ಜ್ವರವನ್ನು ಎಬ್ಬಿಸುವುದಾದರೂ ಹೇಗೆ? ಲ್ಯಾಬಿನಲ್ಲಿ ಎಲ್ಲರಿಗೂ ಹೇಳುವ ಮಾತು ಅವಳಿಗೆ ಆ ಹೊತ್ತಿಗೆ ಹೊಳೆಯಲೇ ಇಲ್ಲ. ತಂಗಿಯ ಶ್ವಾಸಕೋಶದಲ್ಲಿ ಕ್ರಿಮಿಗಳು ಹೇಳುವವರು ಕೇಳುವವರಿಲ್ಲದೆ ಬೆಳೆದವು. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ತುಟಿ ನೀಲಿಗಟ್ಟಿತ್ತು. ಆಗಲೂ ಮೈ ತಣ್ಣಗೇ ಇತ್ತು. ಅವಳು ಉಳಿಯಲಿಲ್ಲ.

ದೊಡ್ಡಕ್ಕ ಅಳಲಿಲ್ಲ. ಕೆಲಸಕ್ಕೆ ಹೋದಳು, ಕಣ ಒಡೆದಳು, ಯಾರೋ ಜೋಕು ಹೇಳಿದರೆ ನಗಬೇಕಾದಲ್ಲಿ ನಕ್ಕಳು. ಗಟ್ಟಿ ಹೆಂಗಸು ಎಂದರು ಜನ. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಕಾಲಿಗೆ ಜೋಮು ಹಿಡಿಯುವ ಹಾಗೆ ಮನಸ್ಸಿಗೆ ಹಿಡಿದಿತ್ತು. ತಂಗಿಯ ಗಂಡ ಬಂದವರಿಗೆಲ್ಲ "ತಡ ಮಾಡಿದ್ದು ನಾನೇ" ಎನ್ನುತ್ತಿದ್ದ. ಆ ಫೋನಿನ ಸಂಗತಿ ಅವನಿಗೆ ಗೊತ್ತಿಲ್ಲ ಎಂದುಕೊಂಡಳು. ಇನ್ನೊಬ್ಬರ ತಲೆಗೆ ತಪ್ಪು ಕಟ್ಟಿ ಕೂರುವುದು ಅವಳಿಂದಾಗಲಿಲ್ಲ.

ತಂಗಿಯ ಮನೆಗೆ ಹೋದಾಗ ಅವನು ಮಗಳ ಬಟ್ಟೆ ಮಡಚುತ್ತಿದ್ದ. ಅವಳು ಕೂರಲಿಲ್ಲ.

"ಅವಳು ನಂಗೆ ಫೋನ್ ಮಾಡಿದ್ಲು. ಡಾಕ್ಟರ ಹತ್ರ ಹೋಗ್ಲಾ ಅಂದ್ಲು. ನಾನೇ ಮಲ್ಕೋ ಅಂದೆ."

ಅವನು ಫ್ರಾಕನ್ನು ಪೂರ್ತಿ ಮಡಚಿ ಗುಡ್ಡೆಯ ಮೇಲಿಟ್ಟ.

"ಗೊತ್ತು ಅಕ್ಕ. ಪಕ್ಕದಲ್ಲೇ ಇದ್ದೆ. ಹೊರಡೋಣ ಅಂತ ಚಪ್ಪಲಿ ಹಾಕ್ಕೊಂಡಿದ್ದೆ. ಅಕ್ಕ ಹೇಳಿದ ಮೇಲೆ ಮುಗೀತಲ್ಲ ಅಂತ ನಕ್ಕು ಮಲಗಿಬಿಟ್ಲು. ಅಷ್ಟು ನಿಶ್ಚಿಂತೆಯಿಂದ ಅವಳು ನಿದ್ದೆ ಮಾಡಿದ್ದನ್ನ ನಾನು ನೋಡೇ ಇರ್ಲಿಲ್ಲ."